ಮುಂದಿನ ಮೋಟಾರು ನಂದೇ

ಕೆಲವರ ಮನೆಗೆ ಬೀಗರು ಹೇಳದೆ ಬರುತ್ತಾರೆ, ನನ್ನ ಮನೆಗೆ ಕೀರ್ತಿ ಹೇಳದೆ ಬರುತ್ತದೆ. ನಾನಾಗಿ ಕರೆದವನಲ್ಲ. ಬೀದರಿನಲ್ಲಿ ಒಂದು ಎಣ್ಣಿ ಗಿರಣಿ ಇಟ್ಟುಕೊಂಡು, ಶೇಂಗಾ ಕುಸುಬಿ ಹಿಂಡಿಕೊಂಡು ತೆಪ್ಪಗೆ ಇದ್ದವನು. ಒಂದು ಮೋಟಾರು ಕೊಂಡೆ ನೋಡಿ, ಅಲ್ಲಿಂದ ಇಂಥ ಪ್ರಸಂಗಗಳು ಒಂದರ ಬೆನ್ನಿಗೆ ಒಂದು ನಡೆಯುತ್ತಲೇ ಬಂದವು. ಎಲ್ಲದರಲ್ಲೂ ಗೆದ್ದವನು ನಾನೇ. ಗೆದ್ದದ್ದು ಉಳಿದವರಿಗೆ ತಿಳಿಯಲು ಸ್ವಲ್ಪ ತಡವಾಯಿತು, ಅಷ್ಟೇ.

ಎರಡು ಸೀಟಿನ ಸಂಸಾರ

ಜಾಗೀರುಗಳು ಹೋದ ಕಾಲ. ಒಬ್ಬ ಜಾಗೀರದಾರರ ಹವೇಲಿಯಲ್ಲಿ ತಾಮ್ರದ ಹಂಡೆ, ಗಾಲೀಚೆ, ಝೂಮರು ದೀಪಗಳ ಜೊತೆ ಒಂದು ಮೋಟಾರೂ ಮಾರಾಟಕ್ಕೆ ನಿಂತಿತ್ತು. ಕೆಂಪು ಬಣ್ಣ. ತಲೆಯ ಮೇಲೆ ಛಾವಣಿ ಇಲ್ಲ. ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು, ಮೂತಿ ಮಾತ್ರ ಮೊಸಳೆಯಷ್ಟು ಉದ್ದ. ವಿಲಾಯತಿಯಲ್ಲಿ ಓಟದ ಶೋಕಿಯವರಿಗೆಂದೇ ಬೆರಳೆಣಿಕೆಯಷ್ಟು ಮಾಡಿ ನಿಲ್ಲಿಸಿದ ಮೋಟಾರಂತೆ. ಬುದ್ಧಿವಂತರು ಹಂಡೆ ಕೊಂಡರು. ನಾನು ಮೋಟಾರು ಕೊಂಡೆ.

ಮನೆ ಮುಂದೆ ತಂದು ನಿಲ್ಲಿಸಿದಾಗ ಹೆಂಡತಿ ಆರತಿ ತಟ್ಟೆ ಹಿಡಿದುಕೊಂಡು ಒಂದು ಸುತ್ತು ಬಂದಳು. ಹಿಂದೆ ನೋಡಿದಳು, ಬಗ್ಗಿ ಒಳಗೆ ನೋಡಿದಳು.

"ಏನ್ರೀ, ಇದರಾಗ ಎರಡೇ ಸೀಟು ಅವ."

"ಅದೇ ಅದರ ಖೂಬಿ."

"ಒಂದರಾಗ ನೀವು. ಇನ್ನೊಂದರಾಗ?"

ನಾನು ಉತ್ತರ ಹುಡುಕುವುದರೊಳಗೆ ಅವ್ವ ಸೆರಗು ಸರಿಮಾಡಿಕೊಂಡು ಆ ಇನ್ನೊಂದರಲ್ಲಿ ಕೂತುಬಿಟ್ಟಿದ್ದಳು.

ಅವತ್ತೇ ಚೌಬಾರಾ ಗೋಪುರದ ಆಚೆ ಒಂದು ಮದುವೆ. ನಾನು ಅವ್ವ ಮೋಟಾರಿನಲ್ಲಿ ಹೊರಟೆವು. ಹೆಂಡತಿ ಟಾಂಗಾ ಹತ್ತಿದಳು. ನನ್ನ ಮೋಟಾರಿಗೆ ಒಂದು ರಾಜಗುಣವಿತ್ತು. ಒಮ್ಮೆ ನಿಂತರೆ ಮತ್ತೆ ಹೊರಡಲು ಅದಕ್ಕೆ ಮನಸ್ಸು ಬರಬೇಕು. ಗಲ್ಲಿಗಲ್ಲಿಯಲ್ಲೂ ಜನ ಅಡ್ಡ ನಿಂತು ನೋಡುವವರೇ. ನಾವು ಮದುವೆಮನೆ ಮುಟ್ಟಿದಾಗ ಹೆಂಡತಿ ಎಲೆ ಅಡಿಕೆ ಜಗಿಯುತ್ತ ಬಾಗಿಲಲ್ಲಿ ನಿಂತಿದ್ದಳು. ಅವ್ವನನ್ನು ಕೈಹಿಡಿದು ಇಳಿಸುತ್ತ, "ಹೋಳಿಗಿ ಭಾಳ ಚಂದ ಆಗಿದ್ದುವರಿ ಅತ್ತಿ. ಟಾಂಗಾದವನೂ ಉಂಡು ಹೋದ," ಎಂದಳು.

ಕಡಿಮೆ ಇದ್ದಷ್ಟೂ ದೊಡ್ಡದು

ಈ ಶೋಕಿ ನನ್ನೊಬ್ಬನಿಗೇ ಇದ್ದಿದ್ದರೆ ಜಿಲ್ಲೆ ಸುಖವಾಗಿರುತ್ತಿತ್ತು. ಬೀದರಿನಲ್ಲೇ ಒಬ್ಬ ವಕೀಲರಿದ್ದರು. ಅವರದು ಹಿಂಬದಿ ದೋಣಿಯ ಹಾಗೆ ಚೂಪಾದ ನೀಲಿ ಮೋಟಾರು. ಭಾಲ್ಕಿಯಲ್ಲಿ ಒಬ್ಬ ಡಾಕ್ಟರು. ಅವರದು ಬೆಳ್ಳಿ ಬಣ್ಣದ್ದು, ಊರು ಬಿಟ್ಟುಹೋದ ಒಬ್ಬ ಫೌಜಿ ಸಾಹೇಬನಿಂದ ಕೊಂಡದ್ದು. ಮೂರೂ ಎರಡು ಸೀಟಿನವು, ಮೂರೂ ಬೋಳುತಲೆಯವು. ಭಾನುವಾರ ಬಂತೆಂದರೆ ಭಾಲ್ಕಿ ಸ್ಟೇಷನ್ನಿನ ಎದುರು, ಚಹಾ ಹೊಟೇಲಿನ ಬೇವಿನ ಮರದ ಕೆಳಗೆ ಮೂರನ್ನೂ ಸಾಲಾಗಿ ನಿಲ್ಲಿಸಿ ನಮ್ಮ ಮುಕಾಬಲಾ.

ಜಗಳದ ಮೂಲ ಒಂದೇ. ಮೂರೂ ಮೋಟಾರು ಕೂಡಿ ಹೊರಟಾಗ ಮುಂದೆ ಹೋಗುವವರು ಯಾರು? ನಮ್ಮ ಕಡೆಯ ರಸ್ತೆ ನಿಮಗೆ ಗೊತ್ತಿರಬೇಕು. ಮುಂದಿನವನಿಗೆ ಗಾಳಿ, ಹಿಂದಿನವರಿಗೆ ಧೂಳು. ಛಾವಣಿ ಇಲ್ಲದ ಮೋಟಾರಿನಲ್ಲಿ ಹಿಂದೆ ಬಂದವನನ್ನು ಮನೆಯಲ್ಲಿ ಹೆಂಡತಿಯೂ ಗುರುತಿಸುತ್ತಿರಲಿಲ್ಲ. ಹಾಗಾಗಿ ಅತಿ ಅಪರೂಪದ ಮೋಟಾರು ಯಾರದೋ ಅವರೇ ಮುಂದೆ ಎಂದು ಕಾಯ್ದೆ ಮಾಡಿಕೊಂಡಿದ್ದೆವು. ಕಾಯ್ದೆ ಆಯಿತು, ತೀರ್ಪು ಮಾತ್ರ ಆಗಲಿಲ್ಲ.

ವಕೀಲರು ಶುರುಮಾಡಿದರು. "ನಂದು ಕಂಪನಿಯವರು ಒಂದೇ ವರ್ಷ ಮಾಡ್ಯಾರ. ಆಮ್ಯಾಲೆ ಬಂದ್."

ಡಾಕ್ಟರು, "ಒಂದು ವರ್ಷ ಭಾಳ ಆತಲ್ರಿ. ನಂದು ಒಂದೇ ಹಂಗಾಮು."

ನಾನು ಬಿಡುವವನೇ? "ನನ್ನ ಮೋಟಾರು ಮಾಡಿದ ಮ್ಯಾಲೆ ಕಂಪನಿಯವರು ಅಚ್ಚೇ ಒಡದು ಹಾಕ್ಯಾರ. ಇಂಥದ್ದು ಮತ್ತ ಹುಟ್ಟಬಾರದು ಅಂತ."

ಚಹಾ ಸೋಸುತ್ತಿದ್ದ ಹೊಟೇಲಿನವನು ತಲೆ ಎತ್ತಿದ. "ಖರೆ ಅದರಿ ಸಾವಕಾರ್ರ. ಹಿಂದ ನಾನೂ ಬದನಿಕಾಯಿ ಭಜಿ ಒಂದೇ ದಿನ ಮಾಡಿದ್ದೆ. ಯಾರೂ ತಿನ್ನಲಿಲ್ಲ. ನಾನೂ ಬಾಣಲಿ ತೊಳದಿಟ್ಟೆ."

ಮೂವರೂ ಒಟ್ಟಿಗೆ ಇನ್ನೊಂದು ಚಹಾ ಹೇಳಿದೆವು. ಕೈ ಖಾಲಿ ಇದ್ದರೆ ಅವನ ಬಾಯಿ ಓಡುತ್ತಿತ್ತು.

ಚಹಾದ ಪರೀಕ್ಷೆ

ಅಪರೂಪದ ಲೆಕ್ಕ ಬಗೆಹರಿಯದಾಗ ಡಾಕ್ಟರು ಹೊಸ ಪರೀಕ್ಷೆ ತೆಗೆದರು. ಎಂಜಿನ್ನು ಚಾಲೂ ಇಟ್ಟು ಬಾನೆಟ್ಟಿನ ಮೇಲೆ ತುಂಬಿದ ಚಹಾದ ಬಟ್ಟಲು ಇಡುವುದು. ಯಾರದು ಕಡಿಮೆ ಚೆಲ್ಲುತ್ತದೋ ಅವರೇ ಮುಂದೆ.

ಮೊದಲು ವಕೀಲರ ಮೋಟಾರು. ಬಟ್ಟಲು ಹಲ್ಲು ಕಡಿದ ಹಾಗೆ ಕಟಕಟ ಎಂದು ಬಸಿಯ ಸಮೇತ ಇಳಿಜಾರಿನಲ್ಲಿ ಹೊರಟು ವಕೀಲರ ಬಿಳಿ ಧೋತರದ ಮೇಲೆ ವಿಶ್ರಾಂತಿ ಪಡೆಯಿತು. ನನ್ನದರ ಮೇಲಿಟ್ಟ ಬಟ್ಟಲು ಚೆಲ್ಲಲೇ ಇಲ್ಲ, ನೆಟ್ಟಗೆ ಮೇಲಕ್ಕೇ ಹಾರಿತು. "ಚೆಲ್ಲೂದು ಬ್ಯಾರೆ, ಹಾರೂದು ಬ್ಯಾರೆ," ಎಂದು ನಾನು ವಾದಿಸಿದೆ. ವಕೀಲರು ಧೋತರ ಹಿಂಡುತ್ತಿದ್ದುದರಿಂದ ವಾದಕ್ಕೆ ಎದುರಾಳಿ ಸಿಗಲಿಲ್ಲ.

ಕೊನೆಗೆ ಡಾಕ್ಟರ ಮೋಟಾರು. ಬಟ್ಟಲು ಇಟ್ಟರು. ಒಂದು ಅಲೆ ಇಲ್ಲ, ಒಂದು ನಡುಕ ಇಲ್ಲ. ಚಹಾದ ಮೇಲಿನ ಕೆನೆ ಕೂಡ ಮಲಗಿದಂತಿತ್ತು. ಡಾಕ್ಟರು ಎದೆ ಉಬ್ಬಿಸಿ ಸುತ್ತ ನೋಡಿದರು. "ಏನಂತೀರಿ? ಇದಕ್ಕ ಅಂತಾರ ಎಂಜಿನ್ನು."

ಹೊಟೇಲಿನವನು ಬಗ್ಗಿ ಬಾನೆಟ್ಟಿಗೆ ಕಿವಿ ಇಟ್ಟ. ಡಾಕ್ಟರ ಕಡೆಗೆ ತಿರುಗಿ, ರೋಗಿಯ ಮನೆಯವರಿಗೆ ಹೇಳುವ ದನಿಯಲ್ಲಿ ಹೇಳಿದ.

"ಜೀವ ಹೋಗಿ ಭಾಳ ಹೊತ್ತಾತರಿ ಡಾಕ್ಟರ್ ಸಾಹೇಬ್ರ."

ನನಗಾಗಿ ಗಡಿ ಎಳೆದರು

ಈಗ ನಿಜ ಹೇಳುತ್ತೇನೆ. ನನ್ನ ಮೋಟಾರಿಗೆ ಒಂದು ಅವಳಿ ಇತ್ತು. ಹೈದರಾಬಾದಿನಲ್ಲಿ ಒಬ್ಬ ನವಾಬಜಾದಾನ ಹತ್ತಿರ ಅಂಥದೇ ಕೆಂಪು ಮೋಟಾರು. "ನಿಮ್ಮದು ರಾಜ್ಯದಾಗ ಎರಡನೇದು," ಎಂದು ವಕೀಲರು ಪ್ರತಿ ಭಾನುವಾರ ನನ್ನ ಬಾಯಿ ಮುಚ್ಚಿಸುತ್ತಿದ್ದರು.

ಅಷ್ಟರಲ್ಲಿ ಹೈದರಾಬಾದ್ ರಾಜ್ಯ ಒಡೆದು, ನಮ್ಮ ಬೀದರ, ಭಾಲ್ಕಿ, ಔರಾದ್ ಎಲ್ಲ ಮೈಸೂರು ರಾಜ್ಯಕ್ಕೆ ಸೇರಿದವು. ಊರವರು ಭಾಷೆ, ಸಾಲಿ, ಕಚೇರಿ ಎಂದು ಮಾತಾಡುತ್ತಿದ್ದರು. ನಾನು ಗಿರಣಿಯ ಮುಂದೆ ನಿಂತು ಪೇಢೆ ಹಂಚಿದೆ. ನನ್ನ ಅವಳಿ ಗಡಿಯ ಆಚೆ ಹೋಗಿತ್ತು.

"ಭಾಳ ಹಿಗ್ಗಬ್ಯಾಡ್ರಿ," ಎಂದರು ವಕೀಲರು, ಪೇಢೆ ಬಾಯಿಗೆ ಹಾಕಿಕೊಂಡೇ. "ಮೈಸೂರು ಅಂದರ ರಾಜರ ಊರು. ಅಲ್ಲಿ ಇಂಥವು ಎಷ್ಟು ನಿಂತಾವೋ ಏನೋ."

ಆ ಮಾತು ನನ್ನ ನಿದ್ದೆ ಕೆಡಿಸಿತು. ಮೈಸೂರು ಕಡೆಯಿಂದ ಬೀದರಿನ ಕಚೇರಿಗೆ ಒಬ್ಬ ಗುಮಾಸ್ತರು ಬಂದಿಳಿದದ್ದೇ ತಡ, ನೇರ ಮನೆಗೆ ಕರೆತಂದು ಮಣೆ ಹಾಕಿಸಿದೆ. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ರೈಲಿನಲ್ಲಿ ಹಸಿದು ಬಂದ ಮನುಷ್ಯ ತಲೆ ಎತ್ತದೆ ಉಣ್ಣುತ್ತಿದ್ದರು. ಅವರು ಅರ್ಧ ಉಂಡಾಗ ಕೇಳಿದೆ.

"ನಿಮ್ಮ ಕಡಿ ಇಂಥ ಕೆಂಪು ಮೋಟಾರು, ಎರಡು ಸೀಟಿಂದು, ಯಾರ ಹತ್ರರೆ ಅದ ಏನ್ರಿ?"

ಅವರು ನನ್ನ ಮುಖ ನೋಡಿದರು. ರೊಟ್ಟಿ ಹಿಡಿದು ನಿಂತ ನನ್ನ ಹೆಂಡತಿಯ ಕೈ ನೋಡಿದರು.

"ಸ್ವಾಮಿ, ಇದೆ ಅಂದ್ರೆ ಇನ್ನೊಂದು ರೊಟ್ಟಿ ಬರುತ್ತೋ?"

"ಬರೂದಿಲ್ಲರಿ."

"ಹಾಗಾದ್ರೆ ಇಲ್ಲ."

ಮರುದಿನವೇ ಭಾಲ್ಕಿಯಲ್ಲಿ ಸಾರಿದೆ. ಮೈಸೂರು ಸರ್ಕಾರದ ಮನುಷ್ಯರೇ ನನ್ನ ಮನೆಯಲ್ಲಿ ಕೂತು ಜಬಾನಿ ಸಾಕ್ಷಿ ಕೊಟ್ಟಿದ್ದಾರೆ ಎಂದು.

ಕೆಸರಿನಲ್ಲಿ ಕಾಯ್ದೆ

ಅದೇ ಗುಮಾಸ್ತರು ಒಂದು ದಿನ ಸುದ್ದಿ ತಂದರು. ಹೊಸ ದೊಡ್ಡ ಸಾಹೇಬರು ರೈಲಿನಲ್ಲಿ ಭಾಲ್ಕಿಗೆ ಬಂದಿಳಿಯುತ್ತಾರೆ, ಅಲ್ಲಿಂದ ಅವರನ್ನು ಔರಾದಿನ ಸ್ವಾಗತ ಸಭೆಗೆ ಒಯ್ಯಬೇಕು. ಸಾಹೇಬರು ಯಾರ ಮೋಟಾರಿನಲ್ಲಿ ಕೂಡುತ್ತಾರೋ ಅದೇ ಮುಂದೆ, ಇನ್ನು ಮೇಲೆ ಎಂದೆಂದಿಗೂ ಅದೇ ಮುಂದೆ ಎಂದು ಮೂವರೂ ಕೈ ಮೇಲೆ ಕೈ ಹೊಡೆದೆವು.

ಅವತ್ತು ಸ್ಟೇಷನ್ನಿನಲ್ಲಿ ವಕೀಲರ ಮೋಟಾರು ಗುಡುಗುತ್ತಿತ್ತು. ಡಾಕ್ಟರದು ಪಟಾಕಿ ಹೊಡೆಯುತ್ತಿತ್ತು. ನನ್ನದು ಬೆಳಿಗ್ಗೆ ಬೀದರಿನಿಂದ ಬಂದು ನಿಂತದ್ದು ಮತ್ತೆ ಚಾಲೂ ಆಗದೆ, ಮೂಕ ಬಸವನ ಹಾಗೆ ನಿಂತಿತ್ತು. ಸಾಹೇಬರು ಇಳಿದರು, ಕಿವಿ ಮುಚ್ಚಿಕೊಂಡು ಮೂರನ್ನೂ ನೋಡಿದರು. "ಇದು ಒಳ್ಳೇ ಸಾಧು ಕಾರು," ಎಂದು ಬಂದು ನನ್ನ ಪಕ್ಕದಲ್ಲಿ ಕೂತರು.

ಹಮಾಲರು ಹಿಂದಿನಿಂದ ನೂಕಿದರು. ಸಾಹೇಬರು ಅದನ್ನು ಊರವರ ಪ್ರೀತಿ ಎಂದು ತಿಳಿದು ಎರಡೂ ಕೈ ಮುಗಿದರು. ಮೋಟಾರು ಚಾಲೂ ಆಯಿತು. ಹಿಂದೆ ವಕೀಲರ ಪಕ್ಕ ಸಾಹೇಬರ ಹಾಸಿಗೆಯ ಸುರುಳಿ, ಅದರ ಹಿಂದೆ ಡಾಕ್ಟರ ಪಕ್ಕ ಗುಮಾಸ್ತರು.

ಆದರೆ ಹಿಂದಿನ ದಿನ ಅಕಾಲದ ಮಳೆ ಸುರಿದಿತ್ತು. ಕಮಲನಗರ ದಾಟಿದ ಮೇಲೆ ಧೂಳಿನ ಬದಲು ಕರಿ ಎರೆಮಣ್ಣು ಎದುರಾಯಿತು. ಎರೆಮಣ್ಣು ಹಸಿಯಾದರೆ ಇಟ್ಟ ಹೆಜ್ಜೆಯನ್ನೂ ವಾಪಸು ಕೊಡುವುದಿಲ್ಲ. ಡಾಕ್ಟರದು ಮೊದಲು ಹೂತಿತು. ಆಮೇಲೆ ವಕೀಲರದು. ನನ್ನದು ಎಲ್ಲಕ್ಕಿಂತ ಮುಂದೆ ಹೋಗಿ ಹೂತಿತು. ಇದನ್ನು ಗಮನಿಸಬೇಕು.

ಹತ್ತಿರದ ಡಾಬಕಾ ಹಳ್ಳಿಯ ಒಬ್ಬ ರೈತ ಎತ್ತಿನ ಜೋಡಿ ಹೊಡೆದುಕೊಂಡು ಬರುತ್ತಿದ್ದ. ಬಿಳಿ ಮೈಯ ಮೇಲೆ ಕಪ್ಪು ಮಚ್ಚೆಯ ದೇವಣಿ ಎತ್ತುಗಳು. ಒಂದೊಂದಾಗಿ ಮೂರನ್ನೂ ಕೆಸರಿನಿಂದ ಎಳೆದು ಗಟ್ಟಿ ನೆಲಕ್ಕೆ ತಂದ. ಮೂರರ ಹೊಟ್ಟೆಯೊಳಗೂ ಕೆಸರು, ಒಂದೂ ಚಾಲೂ ಆಗಲಿಲ್ಲ. ಕೊನೆಗೆ ಅವನೇ ಅಂದ, "ಔರಾದ್ ಮುಟ್ಟಿಸ್ತೇನಿ ಬಿಡ್ರಿ. ಒಂದರ ಹಿಂದ ಒಂದು ಕಟ್ಟೋಣು. ಮುಂದ ಯಾವುದು?"

ಇಷ್ಟು ಕೇಳಿದ್ದೇ ತಪ್ಪಾಯಿತು. "ನಂದು," ಎಂದರು ವಕೀಲರು. "ನಂದು," ಎಂದರು ಡಾಕ್ಟರು. ಮೊಣಕಾಲಿನ ತನಕ ಕೆಸರು ಮೆತ್ತಿಕೊಂಡು, ಮೂವರೂ ಹಗ್ಗದ ಒಂದೊಂದು ಕಡೆ ಹಿಡಿದು ಅಪರೂಪದ ಲೆಕ್ಕ ಮೊದಲಿನಿಂದ ಶುರುಮಾಡಿದೆವು. ಸಾಹೇಬರು ಛತ್ರಿ ಹಿಡಿದು ನನ್ನ ಮೋಟಾರಿನಲ್ಲೇ ಕೂತಿದ್ದರು. "ನಾನು ಮತ್ತೆ ಇಳಿಯೋದಿಲ್ಲ. ಇದನ್ನೇ ಮುಂದೆ ಕಟ್ಟಿ," ಎಂದರು.

ತೀರ್ಪು ಆಯಿತು. ನಾನು ಮೀಸೆಯ ಕೆಸರು ಒರೆಸಿ ವಕೀಲರ ಕಡೆ ನೋಡಿದೆ. ರೈತ ಗಂಟು ಬಿಗಿಯುತ್ತ ಗೊಣಗಿದ.

"ಯಾವುದು ಮುಂದಾದರ ಏನ್ರಿ, ಎಲ್ಲಾ ನನ್ನ ಎತ್ತಿನ ಹಿಂದೇ ಬರೂದು."

ಹೊಸ ಸಂಪ್ರದಾಯ

ಔರಾದಿನ ಅಗಸೆ ಬಾಗಿಲಲ್ಲಿ ಹಲಗಿ ಬಾರಿಸುತ್ತಿದ್ದರು. ಹೆಣ್ಣುಮಕ್ಕಳು ಆರತಿ ಹಿಡಿದು ನಿಂತಿದ್ದರು. ಮುಂದೆ ಎತ್ತುಗಳು, ಅವುಗಳ ಹಿಂದೆ ಛತ್ರಿ ಹಿಡಿದ ಸಾಹೇಬರು ಮತ್ತು ನಾನು, ಹಿಂದೆ ನೀಲಿ, ಅದರ ಹಿಂದೆ ಬೆಳ್ಳಿ. ಜನ ಒಂದು ಗಳಿಗೆ ಬಾಯಿ ಬಿಟ್ಟು ನೋಡಿ, ಮೈಸೂರಿನವರ ಪದ್ಧತಿ ಹೀಗೇ ಇರಬೇಕೆಂದು ಹೂ ತೂರಿದರು. ಸಾಹೇಬರು ಇದು ಬೀದರಿನವರ ಪದ್ಧತಿ ಎಂದು ತಿಳಿದರು. ಯಾರಿಗೂ ಬಿಡಿಸಿ ಹೇಳುವ ಗೊಡವೆಗೆ ನಾನು ಹೋಗಲಿಲ್ಲ.

ಸಭೆಯಲ್ಲಿ ಸಾಹೇಬರು ಎದ್ದು ನಿಂತರು. "ನಮ್ಮ ಕಡೆ ಅತಿಥಿಯನ್ನು ಕಾರಿನಲ್ಲಿ ಕರೆತರುತ್ತಾರೆ, ಇಲ್ಲವೆ ಎತ್ತಿನ ಗಾಡಿಯಲ್ಲಿ. ಎರಡನ್ನೂ ಒಂದೇ ಸಲ ಕೊಟ್ಟು ಗೌರವಿಸಿದವರು ನೀವೇ. ಈ ಸಂಪ್ರದಾಯವನ್ನು ಕೈಬಿಡಬೇಡಿ." ಚಪ್ಪಾಳೆಯೋ ಚಪ್ಪಾಳೆ. ವಕೀಲರೂ ಡಾಕ್ಟರೂ ಅಲ್ಲೇ ನನ್ನ ಕೊರಳಿಗೆ ಹಾರ ಹಾಕಿ, ಇನ್ನು ಮುಂದೆ ನೀವೇ ಮುಂದೆ ಎಂದು ಒಪ್ಪಿಕೊಂಡರು.

ಕೆಲವು ದಿನಗಳ ಮೇಲೆ ಕಮಲನಗರದ ಒಬ್ಬ ತೊಗರಿ ವ್ಯಾಪಾರಿ ಬೀದರಿಗೆ, ನೇರ ನನ್ನ ಮನೆಗೇ ಬಂದ. ಮಗಳ ಮದುವೆ. ವರನ ಮೆರವಣಿಗೆಗೆ ನನ್ನ ಮೋಟಾರೇ ಬೇಕಂತೆ.

"ವಕೀಲರದು? ಡಾಕ್ಟರದು?" ಎಂದು ಹೆಂಡತಿಗೆ ಕೇಳಿಸುವ ಹಾಗೆ ಗಟ್ಟಿಯಾಗಿ ಕೇಳಿದೆ.

"ಬ್ಯಾಡರಿ ಕಾಕಾ, ಮುಂದಿಂದೇ ಬೇಕು. ನಮ್ಮ ಅಳಿಯ ಸುದ್ದಿ ಕೇಳಿ ಹಟ ಹಿಡದಾನ."

ಹೆಂಡತಿ ಅಡುಗೆಮನೆಯಿಂದ ಹೊರಗೆ ಬಂದು ನಿಂತಿದ್ದಳು. ಇಂಥ ಗಳಿಗೆ ಮನುಷ್ಯನ ಬಾಳಿನಲ್ಲಿ ಪದೇಪದೇ ಬರುವುದಿಲ್ಲ. ನಾನು ಕಾಲ ಮೇಲೆ ಕಾಲು ಹಾಕಿ ಕೂತು ಹೇಳಿದೆ, "ಆತು, ಬರ್ತೇನಿ. ಎಂಜಿನ್ನು ಬಿಚ್ಚಿ ಸಾಫ್ ಮಾಡಸ್ತೇನಿ. ಟಾಕಿ ತುಂಬ ಪೆಟ್ರೋಲ್ ಹಾಕಸ್ತೇನಿ."

ವ್ಯಾಪಾರಿ ಗಾಬರಿಯಾಗಿ ಎರಡೂ ಕೈ ಅಡ್ಡ ಹಿಡಿದ.

"ಅದೆಲ್ಲ ತ್ರಾಸ ಯಾಕರಿ ಕಾಕಾ? ಡಾಬಕಾದ ಎತ್ತಿಗೆ ಮೊದಲೇ ಹೇಳಿ ಬಂದೀನಿ."