ಕಡ್ಡಿಯ ಸೊಂಟ

ಆ ದಿನದ ರಾದ್ಧಾಂತಕ್ಕೆಲ್ಲ ಒಂದು ಗುಂಡಿ ಕಾರಣ. ಸಿದ್ಧ ಉಡುಪಿನ ಕಾರ್ಖಾನೆಯ ಸ್ಯಾಂಪಲ್ ಕೋಣೆಯಲ್ಲಿ ಹೊಸ ಲಂಗ ತೊಟ್ಟು ನಿಂತಿದ್ದ ಕಡ್ಡಿ ಸುಮ್ಮನೆ ಉಸಿರೆಳೆದಳು. ಸೊಂಟದ ಗುಂಡಿ ಟಪ್ಪೆಂದು ಹಾರಿ ಕಟಿಂಗ್ ಮಾಸ್ಟರರ ಚಹಾ ಲೋಟಕ್ಕೆ ಬಿತ್ತು.

ಕಡ್ಡಿ ಎಂಬುದು ಕಾರ್ಖಾನೆಯವರು ಇಟ್ಟ ಹೆಸರು. ಅವಳ ಕೆಲಸ ಹೊಲಿಯುವುದಲ್ಲ, ನಿಲ್ಲುವುದು. ಮೊದಲು ಹೊಲಿದ ಉಡುಪನ್ನು ಅವಳಿಗೆ ತೊಡಿಸಿ ನೋಡುತ್ತಿದ್ದರು. ಸರಿಹೊಂದಿತೋ, ಅದೇ ಅಳತೆಯಲ್ಲಿ ಸಾವಿರಾರು ಉಡುಪು ತಯಾರು. ಆ ಸೊಂಟ ಕಾಪಾಡಿಕೊಳ್ಳಲು ಅವಳು ವರ್ಷಗಟ್ಟಲೆ ಮಧ್ಯಾಹ್ನದ ಊಟ ಬಿಟ್ಟಿದ್ದಳು. ಕೊನೆಗೆ ಮುಟ್ಟೇ ಅವಳನ್ನು ಬಿಟ್ಟಿತು. ಮಗು ಬೇಕೆಂದು ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ಗದರಿದ್ದರು: "ಮೈಯಲ್ಲಿ ಒಂದಿಷ್ಟಾದ್ರೂ ಕೊಬ್ಬು ಬೇಕಮ್ಮ. ನನಗೇ ಗತಿಯಿಲ್ಲ, ಇನ್ನೊಂದು ಜೀವ ಹೇಗೆ ಸಾಕಲಿ ಅಂತ ನಿನ್ನ ದೇಹ ಬಾಗಿಲು ಹಾಕ್ಕೊಂಡಿದೆ. ಹೋಗು, ಹೊಟ್ಟೆ ತುಂಬ ತಿನ್ನು."

ಅಂದಿನಿಂದ ಕಡ್ಡಿ ಬಟ್ಟೆಯ ಥಾನುಗಳ ಹಿಂದೆ ಕೂತು ಮೊಟ್ಟೆ, ಕಡಲೆಕಾಯಿ, ಬೆಣ್ಣೆ ಹಚ್ಚಿದ ಬ್ರೆಡ್ಡು ಎಲ್ಲ ಕದ್ದು ತಿಂದಳು. ಹೊಸ ಸ್ಯಾಂಪಲ್ ಇಲ್ಲದ ಬಿಡುವಿನ ತಿಂಗಳುಗಳು, ಯಾರಿಗೂ ತಿಳಿಯಲಿಲ್ಲ. ಮುಟ್ಟು ಮರಳಿ ಬಂತು. ಈಗ ಮತ್ತೆ ನಿಂತಿತ್ತು. ಹಳೆಯ ಕಾಯಿಲೆಯೋ, ಹೊಸ ಸುದ್ದಿಯೋ? ಬೆಳಗ್ಗೆ ಪರೀಕ್ಷೆಗೆ ರಕ್ತ ಕೊಟ್ಟು ಬಂದಿದ್ದಳು. ಗಂಡ ರಿಪೋರ್ಟು ತರಲು ಹೋಗಿದ್ದ.

"ಬಟ್ಟೆ ಕುಗ್ಗಿದೆ!" ಮಾಸ್ಟರರು ಅಬ್ಬರಿಸಿದರು. "ಏನಯ್ಯಾ ಇಸ್ತ್ರಿ, ಎಷ್ಟು ಹಬೆ ಕೊಟ್ಟೆ?"

"ನನ್ನ ಮೇಲೆ ಹಾಕ್ಬೇಡಿ ಮಾಸ್ಟ್ರೇ. ನಿಮ್ಮ ಕತ್ತರಿಗೇ ಕಣ್ಣು ಮಂಜಾಗಿದೆ," ಎಂದ ಇಸ್ತ್ರಿಯವನು.

"ನನ್ನ ದಾರದ್ದೇನೂ ತಪ್ಪಿಲ್ಲಪ್ಪ, ಈಗಲೇ ಹೇಳ್ಬಿಡ್ತೀನಿ," ಎಂದಳು ಗುಂಡಿ ಹೊಲಿಯುವ ಅಕ್ಕ.

ಮಾಸ್ಟರರು ಕಡ್ಡಿಯ ಸೊಂಟ ಅಳೆದರು. "ಟೇಪೂ ಕುಗ್ಗಿದೆ!" ಎಂದು ಅದನ್ನು ಕಿಟಕಿಯಾಚೆ ಎಸೆದರು. ಇನ್ನೊಂದು ತರಿಸಿದರು. ಅದೂ ಕುಗ್ಗಿತ್ತು. ಕಡ್ಡಿಯ ಮೇಲೆ ಮಾತ್ರ ಯಾರಿಗೂ ಸಂಶಯ ಬರಲಿಲ್ಲ. ತಕ್ಕಡಿಗಿಡುವ ತೂಕದ ಕಲ್ಲನ್ನು ಯಾರಾದರೂ ತೂಗಿ ನೋಡುತ್ತಾರೆಯೇ? ಮೂವರ ಜಗಳ ಕೈಕೈ ಮಿಲಾಯಿಸುವ ಮಟ್ಟಕ್ಕೆ ಬಂದಾಗ ಅವಳಿಗೆ ತಡೆಯಲಾಗಲಿಲ್ಲ.

"ಎಲ್ಲಾ ಸರಿಯಾಗೇ ಇದೆ ಮಾಸ್ಟ್ರೇ. ನಾನೇ ದಪ್ಪಗಾಗಿದೀನಿ."

ಆಮೇಲೆ ಸಲಹೆಗಳ ಸುರಿಮಳೆ.

"ಅಯ್ಯೋ ಪುಣ್ಯಾತ್ಗಿತ್ತಿ! ರಾತ್ರಿ ಊಟಾನೂ ಬಿಟ್ಬಿಡೇ," ಎಂದಳು ಅಕ್ಕ.

"ನನ್ನ ನಾದಿನಿ ಬರೀ ಸೌತೆಕಾಯಿ ತಿಂದು ನೂಲಿನ ಹಾಗಾಗಿದಾಳೆ," ಎಂದ ಇಸ್ತ್ರಿಯವನು.

"ಬಿಡಲ್ಲ!" ಎಂದಳು ಕಡ್ಡಿ. "ಊಟ ಬಿಟ್ರೆ ನಂಗೆ ಮಗು ಆಗಲ್ವಂತೆ. ಕೆಲಸ ಹೋದ್ರೆ ಹೋಗ್ಲಿ, ನಂಗೆ ಮಗು ಬೇಕು."

ಮಾಸ್ಟರರು ಚಹಾದಿಂದ ಗುಂಡಿ ಎತ್ತಿ ಒರೆಸಿದರು. "ಕೆಲಸ ಆಮೇಲೆ ಹೋಗ್ಲಿ. ಲಂಗದ ಆರ್ಡರ್ ಕೊಡೋ ಕಂಪನಿ ಮೇಡಂ ಮೆಟ್ಟಿಲು ಹತ್ತುತ್ತಿದಾರೆ. ಮೊದಲು ಪಕ್ಕದ ಹೊಲಿಗೆ ಬಿಚ್ಚಿ."

ಮೂವರೂ ಜಗಳ ಮರೆತು ಹೊಲಿಗೆ ಬಿಚ್ಚಿದರು, ಸಡಿಲಿಸಿದರು, ಮತ್ತೆ ಹೊಲಿದರು. ಮ್ಯಾನೇಜರರ ಜೊತೆ ಬಂದ ಮೇಡಂ ಕಡ್ಡಿಯ ಸುತ್ತ ಒಂದು ಸುತ್ತು ಹಾಕಿದರು. ಕೂರು ಎಂದರು, ಏಳು ಎಂದರು, ಬಗ್ಗು ಎಂದರು. ಗುಂಡಿ ಅಲುಗಲಿಲ್ಲ.

"ಹೋದ ವರ್ಷ ನಿಮ್ಮ ಲಂಗ ಹಾಕ್ಕೊಂಡವರು ಯಾರೂ ಕೂತ್ಕೊಳ್ಳೋಕಾಗ್ಲಿಲ್ಲ. ಅರ್ಧಕ್ಕರ್ಧ ವಾಪಸ್ ಬಂತು," ಎಂದರು ಮೇಡಂ. "ಇದು ನೋಡಿ, ಊಟ ಮಾಡೋ ಹೆಂಗಸಿನ ಸೊಂಟ! ಎರಡರಷ್ಟು ಆರ್ಡರ್ ಕೊಡ್ತೀನಿ. ಆದ್ರೆ ಒಂದು ವರ್ಷ ಇದೇ ಹುಡುಗಿ, ಇದೇ ಅಳತೆ. ಒಂದಿಂಚೂ ಹೆಚ್ಚುಕಡಿಮೆ ಆಗ್ಬಾರ್ದು."

"ಖಂಡಿತ! ಅಲ್ವೇನಮ್ಮಾ?" ಎಂದರು ಮ್ಯಾನೇಜರರು.

"ಒಂದು ನೂಲೂ ಕದಲಲ್ಲ ಸಾರ್!" ಎಂದಳು ಕಡ್ಡಿ.

ಅವರಿಬ್ಬರೂ ಕೈಕುಲುಕಿ ಹೊರಟಾಗ ಕೋಣೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ಕೆಲಸವೂ ಉಳಿದಿತ್ತು, ಊಟವೂ ಉಳಿದಿತ್ತು. ಕಡ್ಡಿ ಮೊದಲ ಸಲ ಎಲ್ಲರೆದುರು, ಕಟಿಂಗ್ ಮೇಜಿನ ಮೇಲೇ ಡಬ್ಬಿ ಬಿಚ್ಚಿ ಮೊಟ್ಟೆಗೆ ಬಾಯಿ ಹಾಕಿದಳು. ಅಷ್ಟರಲ್ಲಿ ಫೋನು ಬಂತು.

ಗಂಡನ ಕೂಗು ಇಡೀ ಕೋಣೆಗೆ ಕೇಳಿಸಿತು: "ರಿಪೋರ್ಟು ಬಂತು ಕಣೇ! ನೀನು ಅಮ್ಮ ಆಗ್ತಿದೀಯಾ!"

ಅಕ್ಕ ಓಡಿ ಬಂದು ತಬ್ಬಿಕೊಂಡಳು. ಕಡ್ಡಿ ಅತ್ತಳು, ನಕ್ಕಳು, ಮತ್ತೆ ಅತ್ತಳು. ಮಾಸ್ಟರರು ಕೈಯಲ್ಲಿದ್ದ ಟೇಪನ್ನೊಮ್ಮೆ, ಅವಳ ಸೊಂಟವನ್ನೊಮ್ಮೆ ನೋಡಿ ಮೆಲ್ಲನೆ ಕುರ್ಚಿಯಲ್ಲಿ ಕುಸಿದರು.

"ಮಾಸ್ಟ್ರೇ," ಕಡ್ಡಿ ಕಣ್ಣೊರೆಸಿಕೊಂಡು ಇನ್ನೊಂದು ಮೊಟ್ಟೆ ಸುಲಿದಳು, "ಕಿಟಕಿಯಿಂದ ಎಸೆದ್ರಲ್ಲ, ಆ ಟೇಪು ಎತ್ತಿಟ್ಕೊಳ್ಳಿ. ಇನ್ನು ಹೆರಿಗೆ ತನಕ ಅದು ಕುಗ್ತಾನೇ ಇರುತ್ತೆ."