ರುಬಿನಾಳ ಸ್ಕಾಲರ್‌ಶಿಪ್ಪಿಗೆ ನಾನು ಕೊಟ್ಟ ತರಬೇತಿ

ಅರ್ಜಿ ಯಾರದೇ ಇರಲಿ, ನನ್ನ ಕೈಗೆ ಬಂತೆಂದರೆ ಮಂಜೂರಾದಂತೆಯೇ ಎಂದು ಉಗಾರ ಖುರ್ದದಲ್ಲಿ ಒಂದು ಮಾತಿದೆ. ಆ ಮಾತನ್ನು ಹುಟ್ಟುಹಾಕಿದವನು ನಾನೇ. ಸಕ್ಕರೆ ಕಾರ್ಖಾನೆಯ ಗುಮಾಸ್ತಗಿರಿಯಿಂದ ನಿವೃತ್ತನಾದ ಮೇಲೂ ಮೈಯಲ್ಲಿ ಸಾಕಷ್ಟು ಮಾರ್ಗದರ್ಶನ ಉಳಿದುಬಿಟ್ಟಿತ್ತು. ಅದನ್ನು ಯಾರಿಗಾದರೂ ಕೊಡಲೇಬೇಕಿತ್ತು.

ಸಿಕ್ಕಿದವಳು ಪಕ್ಕದ ಮನೆಯ ಟೇಲರ್ ದಸ್ತಗೀರನ ಮಗಳು ರುಬಿನಾ. ಆರೋಗ್ಯ ಸೇವೆಗೆ ಎಲ್ಲ ಸಮಾಜದವರೂ ಬರಬೇಕು, ರೋಗಿಯ ಭಾಷೆ ಬಲ್ಲವರು ಬರಬೇಕು ಎಂದು ಒಂದು ಸಂಸ್ಥೆ ಸ್ಕಾಲರ್‌ಶಿಪ್ ಕೊಡುತ್ತಿತ್ತು. ನಮ್ಮ ಭಾಗಕ್ಕೆ ಒಂದೇ ಸೀಟು. ಸಿಕ್ಕರೆ ಎರಡು ವರ್ಷದ ಕೋರ್ಸು, ಸಿಗದಿದ್ದರೆ ಅಪ್ಪನ ಪಕ್ಕದ ಮಷಿನ್ನಿನಲ್ಲಿ ಜನ್ಮವಿಡೀ ಸೀರೆ ಅಂಚಿಗೆ ಪಿಕೊ-ಫಾಲ್. ಹುಡುಗಿಗೆ ನಿದ್ದೆ ಬರುತ್ತಿರಲಿಲ್ಲ. ನನಗೆ ಚೆನ್ನಾಗಿಯೇ ಬರುತ್ತಿತ್ತು, ಏಕೆಂದರೆ ಸೀಟು ಸಿಕ್ಕಾಗಿದೆ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ.

ಎಂಟು ದಿನ ತರಬೇತಿ ನಡೆಯಿತು. “ಮಾನ್ಯರೇ, ಸಾರ್ವಜನಿಕ ಆರೋಗ್ಯವೆಂಬ ಭವ್ಯ ಸೌಧಕ್ಕೆ ನಾನೊಂದು ಕಿರು ಇಟ್ಟಿಗೆಯಾಗಬಯಸುತ್ತೇನೆ” ಎಂದು ಶುರುವಾಗುವ ಎರಡು ಪುಟದ ಭಾಷಣ ಬಾಯಿಪಾಠ ಮಾಡಿಸಿದೆ. ಕನ್ನಡ, ಉರ್ದು, ಮರಾಠಿ ಮೂರನ್ನೂ ಅರಳು ಹುರಿದಂತೆ ಮಾತಾಡುವ ಹುಡುಗಿ ಭವ್ಯ ಸೌಧದ ಹತ್ತಿರ ಬಂದ ಕೂಡಲೇ ಎಡವುತ್ತಿದ್ದಳು.

“ಕಾಕಾ, ಜ್ವರಾ ಬಂದವ್ರ ಮುಂದ ಇದನ್ನ ಹೆಂಗ ಹೇಳೂದ್ರಿ?” ಎಂದು ಕೇಳಿದಳು. ಜ್ವರ ಬಂದವರು ಸಂದರ್ಶನ ಮಾಡುವುದಿಲ್ಲ ಎಂದು ಸಮಾಧಾನ ಹೇಳಿದೆ.

ಸಂದರ್ಶನ ಅಥಣಿಯಲ್ಲಿ. ದಸ್ತಗೀರನಿಗೆ ಮದುವೆ ಬಟ್ಟೆಗಳ ಅವಸರ, ಹೀಗಾಗಿ ಪಾಲಕನಾಗಿ ನಾನು ಹೋದೆ. ರುಬಿನಾ ಒಳಗೆ ಹೋದಳು, ನಾನು ಹೊರಗೆ ಬಾಗಿಲಿಗೆ ಕಿವಿ ಹಚ್ಚಿ ನಿಂತೆ. ಭವ್ಯ ಸೌಧ ಎರಡನೇ ವಾಕ್ಯಕ್ಕೇ ನಿಂತುಹೋಯಿತು. ಅಷ್ಟರಲ್ಲಿ ಬಾಗಿಲು ತೆರೆದು, ಸಂದರ್ಶನ ನಡೆಸುತ್ತಿದ್ದ ಮೇಡಂ ಹೊರಗೆ ಇಣುಕಿದರು.

“ಸರ್, ಸ್ವಲ್ಪ ಒಳಗ ಬರ್ರಿ. ನಮಗೊಬ್ಬ ಪೇಶಂಟ್ ಬೇಕಾಗ್ಯಾನ.”

ನನ್ನದು ಗಡಿಯಾಚೆಯ ಮರಾಠಿ ಸೀಮೆಯಿಂದ ಕಬ್ಬು ಕಡಿಯಲು ಬಂದ ಕೂಲಿ ಗ್ಯಾಂಗಿನವನ ಪಾತ್ರವಂತೆ. ಶುಗರ್ ಇದೆಯಂತೆ, ಗುಳಿಗೆ ನುಂಗುವುದಿಲ್ಲವಂತೆ. ರುಬಿನಾ ನನ್ನನ್ನು ಒಪ್ಪಿಸಬೇಕು. ಇಂಥ ಸುಲಭದ ಪರೀಕ್ಷೆಯೇ ಎಂದು ಒಳಗೊಳಗೇ ಕುಣಿದೆ. ಅವಳು ಬಾಯಿ ತೆರೆಯುವ ಮೊದಲೇ ಹೇಳಿಬಿಟ್ಟೆ:

“ಇನ್ನ ಮ್ಯಾಲೆ ದಿನಾ ತಪ್ಪದ ಗುಳಿಗಿ ತಗೋತೀನಿ, ತಂಗಿ. ಎಷ್ಟ ಛಂದ ತಿಳಿಸಿ ಹೇಳ್ತಿ ನೀ!”

ಮೇಡಂ ಪೆನ್ನು ಕೆಳಗಿಟ್ಟರು. ಇಷ್ಟು ವರ್ಷದ ಸೇವೆಯಲ್ಲಿ ಇಂಥ ರೋಗಿ ಒಬ್ಬನೂ ಸಿಕ್ಕಿಲ್ಲ ಎಂದರು. ಇನ್ನೊಮ್ಮೆ ಹೀಗಾದರೆ ಮುಂದಿನ ಹುಡುಗಿಯನ್ನು ಕರೆಯುವುದಾಗಿ ಹೇಳಿದರು. ರುಬಿನಾಳ ಮುಖ ಬಿಳಿಚಿಕೊಂಡಿತು. ನನ್ನ ಜಾಣತನದಿಂದ ಈ ಕೂಸು ಮಷಿನ್ನಿನ ಮುಂದೆ ಕೂರುವಂತಾಯಿತಲ್ಲ ಎಂದು ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಈ ಸಲ ಹಠಮಾರಿ ರೋಗಿಯಾಗಲು ಪಣತೊಟ್ಟೆ. ಆದರೆ ಗ್ಯಾಂಗಿನವರ ನೆಪಗಳು ನನಗೇನು ಗೊತ್ತು? ನನ್ನವೇ ಇದ್ದವು. ಓದುಗರಿಂದ ಮುಚ್ಚಿಡುವುದೇನು, ನನಗೆ ಮೂರು ವರ್ಷದಿಂದ ಶುಗರ್ ಇದೆ. ಹೆಂಡತಿ ಕೈಗಿಡುವ ಗುಳಿಗೆ ನನ್ನ ನಾಲಿಗೆಯಡಿ ತುಸು ವಿಶ್ರಮಿಸಿ ಕಿಟಕಿಯಿಂದ ಹೊರಗೆ ಹೋಗುತ್ತದೆ. ಗುಳಿಗೆ ಉಷ್ಣ ಎಂದೆ. ಬೆಲ್ಲ ಸಕ್ಕರೆಯಲ್ಲ ಎಂದೆ. ಡಾಕ್ಟರರು ಸುಮ್ಮನೆ ಅಂಜಿಸುತ್ತಾರೆ ಎಂದು ಮೇಜು ಗುದ್ದಿದೆ. ಮೇಡಂ ಅವರ ಚಹಾ ಅಷ್ಟೂ ಅರ್ಜಿಗಳ ಮೇಲೆ ಹರಿಯಿತು!

ರುಬಿನಾ ಭಾಷಣ ಮರೆತಳು. ಓಢಣಿಯಿಂದ ಚಹಾ ಒರೆಸಿ, ನನ್ನ ಕಾಲ ಬಳಿ ನೆಲದ ಮೇಲೆ ಕುಳಿತಳು.

“ಮಾಮಾ, ಜೇವಲಾ ಕಾ? ಊಟ ಆತೇನ್ರಿ?”

ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಮನೆಯವರನ್ನು ವಿಚಾರಿಸಿದಳು, ಎತ್ತುಗಳನ್ನು ವಿಚಾರಿಸಿದಳು, ಪಾದ ಜುಮ್ಮೆನ್ನುತ್ತವೆಯೇ ಎಂದಳು. ಪಾದ ನಿಜವಾಗಿಯೂ ಜುಮ್ಮೆನ್ನುತ್ತಿದ್ದವು. ನಾನು ಗ್ಯಾಂಗಿನವನೆಂಬುದೇ ಮರೆತುಹೋಗಿ ಕಿಟಕಿಯ ಕಥೆಯನ್ನೆಲ್ಲ ಹೇಳಿಬಿಟ್ಟೆ.

“ಅಂಜಿಕಿ ಬರ್ತೈತವಾ,” ಎಂದೆ. “ಗುಳಿಗಿ ನುಂಗಿದ್ರ ನಾ ಖರೇನ ರೋಗಿ ಆದಂಗ ಆಕ್ಕೈತಿ.”

“ರೋಗಿ ಆಗೂದು ಬ್ಯಾಡ್ರಿ. ದಿನಾ ನನ್ನ ಮುಂದ ಗುಳಿಗಿ ನುಂಗ್ರಿ, ಆಮ್ಯಾಲೆ ಇಬ್ರೂ ಕೂಡಿ ಚಹಾ ಕುಡಿಯೂಣು. ಸಕ್ರಿ ಇಲ್ಲದ್ದು.”

ನನ್ನ ಕಣ್ಣು ತುಂಬಿ ಬಂದವು. ನಾನು ಹೂಂ ಎಂದೆ.

ಮಧ್ಯಾಹ್ನವೇ ಆಯ್ಕೆಯ ಪತ್ರ ರುಬಿನಾಳ ಕೈಸೇರಿತು. ಮೇಡಂ ನನ್ನ ಕೈಕುಲುಕಿ, ಯಾವ ನಾಟಕ ಕಂಪನಿಯಲ್ಲಿ ಇದ್ದಿರಿ ಎಂದು ಕೇಳಿದರು. ಕಲಾವಿದನ ವಿನಯದಿಂದ ತಲೆ ಬಾಗಿಸಿದೆ.

ಬಸ್ಸಿನಲ್ಲಿ ರುಬಿನಾ ಪತ್ರವನ್ನು ಎದೆಗೊತ್ತಿಕೊಂಡು ಅತ್ತಳು, ನಕ್ಕಳು, ಅಪ್ಪನಿಗೆ ಫೋನ್ ಮಾಡಿದಳು. ಆಮೇಲೆ ಇನ್ನೊಂದು ನಂಬರ್ ಒತ್ತಿ ಫೋನನ್ನು ನನ್ನ ಕೈಗಿಟ್ಟಳು.

“ಕಾಕಿ ಅದಾರ. ಕಿಟಕಿ ವಿಚಾರ ನೀವ ಹೇಳ್ರಿ, ಕಾಕಾ. ನಾ ಹೇಳಿದ್ರ ಛಂದ ಕಾಣಂಗಿಲ್ಲ.”

ಹೇಳಿದೆ. ಹೆಂಡತಿಯ ಉತ್ತರ ಸ್ಪೀಕರ್ ಹಾಕದೆಯೇ ಕಂಡಕ್ಟರನವರೆಗೂ ಮುಟ್ಟಿತು. ಮುಂಜಾನೆ ಆ ಹುಡುಗಿಯನ್ನು ಅಥಣಿಗೆ ಕರೆದುಕೊಂಡು ಹೋದವನು ನಾನು. ಸಂಜೆ ಅವಳು ತನ್ನ ಮೊದಲನೆಯ ಪೇಶಂಟನ್ನು ಊರಿಗೆ ಕರೆದುಕೊಂಡು ಬಂದಳು!