ಬಸವಣ್ಣನ ಕೊಂಬು, ನನ್ನ ಮೀಸೆ

ಹಾಲಿನವನು ನನ್ನ ಕಣ್ಣೆದುರೇ ಎಮ್ಮೆ ಕರೆದುಕೊಟ್ಟರೂ, ‘ಬೆಳಿಗ್ಗೆ ಇದಕ್ಕೆ ಎಷ್ಟು ನೀರು ಕುಡಿಸಿದ್ದೆ?’ ಎಂದು ಕೇಳುವವನು ನಾನು. ಅನುಮಾನ ಒಂದು ರೋಗ ಎನ್ನುತ್ತಾರೆ. ನನಗೆ ಆ ಮಾತಿನ ಮೇಲೂ ಅನುಮಾನ. ಸಕ್ಕರೆ ಕಾಯಿಲೆ ಇದೆ ಎಂದ ಡಾಕ್ಟರನ್ನೇ ನಾನಿನ್ನೂ ಪೂರ್ತಿ ನಂಬಿಲ್ಲ. ನನ್ನ ಹೆಂಡತಿ ಗಿರಿಜ ಮಾತ್ರ ಅವರನ್ನು ನಂಬಿ, ಬೆಲ್ಲದ ಡಬ್ಬಿಯನ್ನು ನನಗೆ ಎಟುಕದಂತೆ ಅಟ್ಟಕ್ಕೇರಿಸಿದ್ದಾಳೆ.

ಹೀಗಿರುವಾಗ ಚಿತ್ರದುರ್ಗದಲ್ಲಿ ಚಾಕೊಲೇಟಿನಿಂದಲೇ ಮಾಡಿದ ಶಿಲ್ಪಗಳ ಮ್ಯೂಸಿಯಂ ಶುರುವಾಗಿದೆಯೆಂದು ಕೇಳಿ, ಹೊಳಲ್ಕೆರೆಯಿಂದ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ನನ್ನದು ಒಂದೇ ವಾದ. ಟಾರು ಚಪ್ಪಲಿಗೆ ಅಂಟುವ ಈ ಬಿಸಿಲಿನಲ್ಲಿ ಚಾಕೊಲೇಟು ನಿಲ್ಲುವುದುಂಟೇ? “ಸಿಮೆಂಟಿಗೆ ಬಣ್ಣ ಬಳ್ದವ್ರೆ ಕಣೇ. ಸುಳ್ಳಾದ್ರೆ ಇನ್ನೆಂದೂ ನಿನ್ನ ಮಾತಿಗೆ ಎದುರಾಡಲ್ಲ,” ಎಂದು ಹಿಂದಿನ ಸೀಟಿನವರಿಗೂ ಕೇಳುವಂತೆ ಹೇಳಿಬಿಟ್ಟೆ.

ಒಳಗೆ ಏಸಿಯ ಚಳಿ. ಕೋಟೆ ಬಾಗಿಲು, ಆನೆ, ಕೊನೆಯಲ್ಲಿ ಕಾಲು ಮಡಚಿ ಕುಳಿತ ಬಸವಣ್ಣ. ಪಕ್ಕದಲ್ಲಿ ‘ಮುಟ್ಟಬಾರದು’ ಎಂಬ ಬೋರ್ಡು. ಬೋರ್ಡು ಹಾಕಿದ ಮೇಲೆ ಇದು ಸಿಮೆಂಟೇ ಎಂದುಕೊಂಡೆ. ಗಿರಿಜ ಆನೆಯ ಮುಂದೆ ನಿಂತಿರುವಾಗ ನಾನು ಮೆಲ್ಲಗೆ ಬಸವಣ್ಣನ ಹಿಂದೆ ಹೋಗಿ, ಶಿವನ ಗುಡಿಯಲ್ಲಿ ಮಾಡುವಂತೆ ಬೆನ್ನಿನ ಮೇಲೊಂದು ಕೈ, ಕೊಂಬುಗಳ ಮೇಲೆ ಎರಡು ಬೆರಳಿಟ್ಟು, ಬಗ್ಗಿ ನಡುವಿನಿಂದ ನೋಡಿದೆ. ಎದುರಿಗೆ ಈಶ್ವರನಿರಲಿಲ್ಲ, ಏಸಿ ಇತ್ತು.

ಕಾವಲಿನವನು ಓಡಿಬಂದ. “ಯಜಮಾನ್ರೇ, ಮುಟ್ಟಂಗಿಲ್ಲ!” ನನ್ನ ಭಕ್ತಿ ಕಂಡು ಅವನ ದನಿ ಇಳಿಯಿತು. “ಆತು, ಲಗೂನ ಕೈ ಮುಗ್ದು ಬರ್ರಿ.”

ಅಷ್ಟರಲ್ಲಿ ಉಗುರಿನಿಂದ ಕೊಂಬು ಕೆರೆದಾಗಿತ್ತು. ಬೆರಳನ್ನು ಕಣ್ಣಿಗೊತ್ತಿಕೊಂಡು, ಹಾಗೇ ಬಾಯಿಗೂ ಮುಟ್ಟಿಸಿದೆ. ಅಸಲಿ ಚಾಕೊಲೇಟು! ಎಷ್ಟು ಕಾಲವಾಗಿತ್ತು ಸಿಹಿ ನಾಲಿಗೆಗೆ ತಾಗಿ, ಕಣ್ಣಲ್ಲಿ ನೀರೇ ಬಂತು. ಖಚಿತಪಡಿಸಿಕೊಳ್ಳಲು ಇನ್ನೊಂದು ಕೊಂಬನ್ನೂ ಪರೀಕ್ಷಿಸಿದೆ. ತಿರುಗಿದರೆ ನನ್ನ ಹಿಂದೆ ದರ್ಶನಕ್ಕೆ ನಾಲ್ಕಾರು ಜನ ಸಾಲುಗಟ್ಟಿದ್ದರು.

ಈಗ ಫಜೀತಿ ನೋಡಿ. ಆನೆ ನೋಡಿ ಮುಗಿಸಿದ ಗಿರಿಜ ಪಕ್ಕಕ್ಕೆ ಬಂದಳು. ಚಾಕೊಲೇಟು ಎಂದರೆ, ಹೇಗೆ ಗೊತ್ತಾಯಿತು ಎನ್ನುತ್ತಾಳೆ. ಬೇರೆ ದಾರಿಯಿಲ್ಲದೆ, “ನಾನು ಹೇಳ್ಲಿಲ್ವಾ, ಸಿಮೆಂಟೇ,” ಎಂದೆ.

ಗಿರಿಜ ನನ್ನ ಮುಖವನ್ನೇ ನೋಡಿದಳು. “ಗುಡಿ ಮೆಟ್ಲು ಹತ್ತದೋರು ಇವತ್ತು ಬಸವಣ್ಣಂಗೆ ಕೈ ಮುಗುದ್ರಲ್ಲ, ಆಗ್ಲೇ ನಂಗೆ ಅನುಮಾನ ಬಂತು. ಮೀಸೆ ಒರೆಸ್ಕಳ್ರಿ, ಸಿಮೆಂಟು ಹತ್ತೈತೆ.”

ಅಂದಿನಿಂದ ನಾನು ಎಲ್ಲಿಗೆ ಹೋಗಿ ಬಂದರೂ ಬಾಗಿಲಲ್ಲೇ ತಡೆದು, “ನಾಲಿಗೆ ಚಾಚ್ರಿ” ಎನ್ನುತ್ತಾಳೆ. ಎದುರಾಡಲ್ಲ ಎಂದು ಬಸ್ಸಿನಲ್ಲಿ ಅಷ್ಟು ಜನರ ಮುಂದೆ ಹೇಳಿದ್ದೇನಲ್ಲ, ಚಾಚುತ್ತೇನೆ.